ಖಾಲಿ ಬಾರದ ಡಬ್ಬಿಗಳು

ನನಗೊಂದು ದೌರ್ಬಲ್ಯವಿದೆ. ಯಾರಿಗೆ ಏನು ಬೇಕಾದರೂ ಕೊಟ್ಟೇನು, ಬಾಯಿಬಿಟ್ಟು ದುಡ್ಡು ಮಾತ್ರ ಕೇಳಲಾರೆ. ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನೂ ಕೇಳದೆ ವಿಜಯನಗರದಲ್ಲಿ ಇಳಿದು ಬಂದವಳು ನಾನು. ಇಂಥವಳ ತಲೆಗೇ ಬಸವೇಶ್ವರನಗರದ ನಮ್ಮ ಮಹಿಳಾ ಸಂಘದವರು ನಿಧಿ ಸಂಗ್ರಹದ ಕೆಲಸ ಕಟ್ಟಿದರು. ನಮ್ಮ ಬೀದಿಗೆ ದಿನವೂ ಹೂವು ತರುತ್ತಿದ್ದ ಗಂಗಮ್ಮನಿಗೆ ಸ್ತನದ ಕ್ಯಾನ್ಸರ್. ಸೋಮವಾರ ಮುಂದಿನ ಇಂಜೆಕ್ಷನ್. ಅರ್ಧ ದುಡ್ಡು ಸಂಘ ಹೊಂದಿಸಿದರೆ ಉಳಿದರ್ಧವನ್ನು ಬಡರೋಗಿಗಳ ನಿಧಿಯಿಂದ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು.

ಕೇಳುವ ಸಂಕಟ ತಪ್ಪಿಸಿಕೊಳ್ಳಲು ನಾನೊಂದು ಉಪಾಯ ಹೂಡಿದೆ. ಹುರಿಗಡಲೆ ಚಟ್ನಿಪುಡಿ ಮಾಡಿ, ಮನೆಯ ಸ್ಟೀಲ್ ಡಬ್ಬಿಗಳಿಗೆಲ್ಲ ತುಂಬಿ, ಹನ್ನೆರಡು ಮನೆಗಳಿಗೆ ಹಂಚಿದೆ. "ಗಂಗಮ್ಮನ ಇಂಜೆಕ್ಷನ್ನಿಗೆ ಕಣ್ರೀ. ಡಬ್ಬಿ ವಾಪಸ್ ಕೊಡೋವಾಗ ನಿಮ್ಮ ಕೈಲಾದ್ದು ಹಾಕಿ ಕೊಡಿ" ಎಂದೆ. ಚಟ್ನಿಪುಡಿಯನ್ನು ಎಲ್ಲರೂ ಹೊಗಳಿದರು. ಡಬ್ಬಿಗಳು ಶುಕ್ರವಾರದಿಂದಲೇ ಬರತೊಡಗಿದವು. ಒಂದರಲ್ಲಿ ಕೋಡುಬಳೆ, ಒಂದರಲ್ಲಿ ಐದು ನಿಂಬೆಹಣ್ಣು, ಇನ್ನೊಂದರಲ್ಲಿ ನಿಪ್ಪಟ್ಟು, ಮತ್ತೊಂದರಲ್ಲಿ ಅಂಟಿನುಂಡೆ. ಮನೆಯಲ್ಲಿ ಏನೂ ಇಲ್ಲದವರೂ ಒಂದು ಹಿಡಿ ಸಕ್ಕರೆ ಹಾಕಿದ್ದರು. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮ ಬೀದಿಯಲ್ಲಿಲ್ಲ. "ದುಡ್ಡು ಹಾಕೋಣ ಅಂದ್ಕೊಂಡೆ, ಆದ್ರೆ ಮನೆಯವರ ಥರ ಇರೋರಿಗೆ ದುಡ್ಡು ಕೊಟ್ರೆ ಚೆನ್ನಾಗಿರುತ್ತಾ?" ಎಂದರು ಎದುರುಮನೆಯವರು. ನಾನು ಚೆನ್ನಾಗಿರುವುದಿಲ್ಲ ಎಂದು ತಲೆಯಾಡಿಸಿಬಿಟ್ಟೆ! ನಮ್ಮ ಯಜಮಾನರು ಕೋಡುಬಳೆ ಕಡಿಯುತ್ತಾ, "ಇದನ್ನ ಗಂಗಮ್ಮಂಗೆ ಡ್ರಿಪ್ಪಲ್ಲಿ ಹಾಕ್ತಾರೇನೇ?" ಎಂದು ಕೇಳಿದರು.

ಶನಿವಾರ ಸಂಜೆ ನನಗೆ ನಿಜಕ್ಕೂ ಭಯವಾಯಿತು. ಅಡುಗೆಮನೆ ತುಂಬಿತ್ತು, ನಿಧಿ ಬರಿದಾಗಿತ್ತು. ಸಂಘದಲ್ಲಿ ಹಿರಿಯರಾದ, ಹಾವೇರಿ ಕಡೆಯ ಶಕುಂತಲಕ್ಕನ ಬಳಿ ಹೋಗಿ, "ಎಂಥ ಜನ ಅಕ್ಕಾ! ಕ್ಯಾನ್ಸರಿಗೆ ದುಡ್ಡು ಬೇಕು ಅಂದ್ರೆ ನಿಪ್ಪಟ್ಟು ಕೊಡ್ತಾರೆ" ಎಂದು ಗೋಳಾಡಿದೆ.

ಅಕ್ಕ ನಕ್ಕರು. "ಹೋದ ವರ್ಷ ನಾ ಸಂಘದ ನಿಧಿಗಂತ ಉಪ್ಪಿನಕಾಯಿ ಹಂಚಿದಾಗ ನೀವೇನ್ ಕೊಟ್ರಿ, ಹೇಳ್ರಿ?"

ನನಗೆ ಥಟ್ಟನೆ ನೆನಪಾಯಿತು. ಭರಣಿ ತೊಳೆದು, ಒರೆಸಿ, ಅದರ ತುಂಬ ಕೊಬ್ಬರಿ ಮಿಠಾಯಿ ಹಾಕಿ ಕೊಟ್ಟಿದ್ದೆ.

"ಆಮೇಲೆ ಎಲ್ಲಾರ ಮನೀಗೂ ಹೋಗಿ ಬಾಯಿಬಿಟ್ಟು ಕೇಳಿದೆ. ನಿಮ್ಮನೀಗೆ ಮಾತ್ರ ಬರಲಿಲ್ಲ. ಮಿಠಾಯಿ ಅಷ್ಟು ಚಲೋ ಇತ್ತು" ಎಂದು ಅಕ್ಕ ಚಪ್ಪಲಿ ಮೆಟ್ಟಿದರು.

ಭಾನುವಾರವೆಲ್ಲ ನಾವಿಬ್ಬರೂ ಮನೆಮನೆ ಸುತ್ತಿದೆವು. ಮೊದಲ ಮೂರು ಮನೆಗಳಲ್ಲಿ ಅಕ್ಕ ಕೇಳಿದರು. ನಾಲ್ಕನೆಯದರಲ್ಲಿ ನನ್ನನ್ನು ಮುಂದೆ ತಳ್ಳಿದರು. ಕಣ್ಣು ಮುಚ್ಚಿಕೊಂಡು "ದುಡ್ಡು ಕೊಡಿ" ಎಂದೆ. ಅವರು ಬೇಸರವನ್ನೇನೂ ಮಾಡಿಕೊಳ್ಳದೆ ಒಳಗೆ ಹೋಗಿ ತಂದರು. ಇಷ್ಟು ಸುಲಭವೆಂದು ಗೊತ್ತಿದ್ದರೆ ಹುರಿಗಡಲೆಯಾದರೂ ಉಳಿಯುತ್ತಿತ್ತು. ಕೊನೆಯಲ್ಲಿ ಅಕ್ಕ ನನ್ನಿಂದ ಹೋದ ವರ್ಷದ್ದನ್ನೂ ಸೇರಿಸಿ ವಸೂಲು ಮಾಡಿದರು.

ಸೋಮವಾರ ಗಂಗಮ್ಮನಿಗೆ ಇಂಜೆಕ್ಷನ್ ಆಯಿತು. ಆಸ್ಪತ್ರೆಯಲ್ಲಿ ರಸೀದಿ ಬರೆದುಕೊಟ್ಟ ಗುಮಾಸ್ತರಿಗೆ ಒಂದು ಡಬ್ಬಿ ನಿಪ್ಪಟ್ಟು ಕೊಟ್ಟೆ.

"ಡಬ್ಬಿ ತೊಳೆದು ಕೊಡ್ತೀನಿ ಮೇಡಂ, ಮುಂದಿನ ಸಲ ಬಂದಾಗ."

"ಖಾಲಿಯೇ ಕೊಡಿ ಸಾರ್. ಏನೂ ಹಾಕಬೇಡಿ" ಎಂದು ಒತ್ತಿ ಹೇಳಿದೆ, ಅನುಭವಸ್ಥಳಂತೆ.

ಮುಂದಿನ ಇಂಜೆಕ್ಷನ್ ದಿನ ಡಬ್ಬಿ ಸಿಕ್ಕಿತು. ಮೆಟ್ಟಿಲಿಳಿಯುತ್ತಾ ಮೆಲ್ಲಗೆ ಮುಚ್ಚಳ ತೆಗೆದು ನೋಡಿದೆ. ಖಾಲಿಯಾಗಿತ್ತು.

ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬಾರದಿತ್ತೇ!