ಮಹಾರಾಣಿಯ ಉಸಿರು

“ವಿಷ ಕುಡಿದವಳು ಇಷ್ಟು ಹೊತ್ತು ಹ್ಯಾಗೆ ಹಾಡ್ತಾಳೆ?”

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಒದ್ದೆ ಪಂಚೆ ಕೊಡವುತ್ತಿದ್ದ ಗುರುರಾಜ ಇದನ್ನು ಯಾರಿಗೆಂದೂ ಕೇಳಿರಲಿಲ್ಲ. ಬಾಯಿಗೆ ಬಂತು, ಕೇಳಿದ. ಮೇಲಿನ ಮನೆಯ ರೆಕಾರ್ಡ್ ಪ್ಲೇಯರಿನಲ್ಲಿ ಒಬ್ಬ ಇಟಲಿಯ ಮಹಾರಾಣಿ ಹನ್ನೆರಡು ನಿಮಿಷಗಳಿಂದ ಸಾಯುತ್ತಲೇ ಇದ್ದಳು. ಕತೆ ಇಡೀ ಅಪಾರ್ಟ್‌ಮೆಂಟ್ ಸೊಸೈಟಿಗೆ ಗೊತ್ತು. ಆ ಮನೆಯ ನಿವೃತ್ತ ಕರ್ನಲ್ ಬೆಳ್ಯಪ್ಪನವರು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಆ ಒಪೆರಾದ, ಅಂದರೆ ಹಾಡುನಾಟಕದ, ಕತೆ ಹೇಳಿ, ಮುಗಿಯುವ ತನಕ ಬಾಗಿಲು ಹಿಡಿದು ನಿಲ್ಲುತ್ತಿದ್ದರು.

ಹಾಡು ತಟ್ಟನೆ ನಿಂತಿತು. ಮೇಲಿನ ಕಂಬಿಯಾಚೆಗೆ ಒಂದು ಬಿಳಿ ಮೀಸೆ ಕಾಣಿಸಿತು.

“ಯಾರದು ಕೆಳಗೆ? ಗುರುರಾಜಾ?”

“ನಾನೇ ಸರ್. ಪಂಚೆ ಒಣಗಿಸ್ತಿದ್ದೆ.”

“ಪ್ರಶ್ನೆ ಕೇಳಿದ್ದು ಪಂಚೆನಾ? ನಾಲ್ಕು ಗಂಟೆಗೆ ಕ್ಲಬ್ ಹೌಸಿಗೆ ಬನ್ನಿ. ಹ್ಯಾಗೆ ಹಾಡ್ತಾಳೆ ಅಂತ ತೋರಿಸ್ತೀನಿ.”

ಒಳಗಿನಿಂದ ಹೆಂಡತಿ ಅಹಲ್ಯಾ ಸೌಟು ಹಿಡಿದುಕೊಂಡೇ ಬಂದಳು. “ವರ್ಷವೆಲ್ಲ ಬಾಯಿ ಮುಚ್ಕೊಂಡಿರೋ ಮನುಷ್ಯ, ಇವತ್ತೇ ಬಿಡಬೇಕಿತ್ತಾ?”

ಅವಳ ಸಿಟ್ಟಿಗೆ ಕಾರಣವಿತ್ತು. ಗುರುರಾಜ ನೋಯ್ಡಾದ ಕಾರ್ಖಾನೆಯೊಂದರಲ್ಲಿ ಫ್ಯಾನಿನ ಮೋಟಾರುಗಳನ್ನು ಪರೀಕ್ಷಿಸುವವನು. ದಿನಕ್ಕೆ ಮುನ್ನೂರು ಮೋಟಾರುಗಳ ಗುನುಗು ಕೇಳಿ, ಯಾವುದು ಪಾಸು ಯಾವುದು ಫೇಲು ಎಂದು ಹೇಳುವ ಕಿವಿ. ಆ ಕಿವಿಯನ್ನು ಮೊದಲು ಪಳಗಿಸಿದ್ದು ಮಾತ್ರ ಕಾವ್ಯವಾಚನ. ಅವನ ಅಪ್ಪ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಇವನು ಗೋಡೆಗೊರಗಿ ಕೂತು, ಯಾವ ಸಾಲಿನ ಕೊನೆಗೆ ಅಪ್ಪ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಕಾಯುತ್ತಿದ್ದ. ಅವನಿಗೆ ಹಾಡಲು ಬಾರದು. ಕೇಳಲು ಬರುತ್ತದೆ, ಅಷ್ಟೆ.

ಅಷ್ಟೇ ಬರುವವನಿಗೆ ದೆಹಲಿಯಲ್ಲಿ ಕೇಳಲು ಸಿಕ್ಕಿದ್ದು ಒಂದೇ ದನಿ. ಕರೋಲ್ ಬಾಗಿನಲ್ಲಿ ಮಗನ ಮನೆಯಲ್ಲಿದ್ದ ಗಮಕಿ ಸುಶೀಲಮ್ಮನವರದು. ಎಪ್ಪತ್ತು ದಾಟಿದ ಅವರು ಎರಡು ವರ್ಷದಿಂದ ಹಾಡುವುದನ್ನೇ ಬಿಟ್ಟಿದ್ದರು. ಗುರುರಾಜ ಆರು ತಿಂಗಳು ಮೆಟ್ರೋ ಹತ್ತಿ ಇಳಿದು, ಅವರ ಮನೆಯ ಚಹಾ ಕುಡಿದು ಕುಡಿದು, ಬರುವ ಭಾನುವಾರ ಒಂದು ಗಂಟೆ ಹಾಡಲು ಒಪ್ಪಿಸಿದ್ದ. ಷರತ್ತು ಒಂದೇ: “ಕುಕ್ಕರ್ ಕೂಗೋ ಮನೇಲಿ ಆಗಲ್ಲ ಗುರು. ಸರಿಯಾದ ಜಾಗ ನೋಡು.”

ಸರಿಯಾದ ಜಾಗವೆಂದರೆ ಕ್ಲಬ್ ಹೌಸು. ಅದರ ಬೀಗದ ಕೈ ಸೊಸೈಟಿ ಅಧ್ಯಕ್ಷರಾದ ಕರ್ನಲ್ ಜೇಬಿನಲ್ಲಿ. ಭಾನುವಾರದ ನಾಲ್ಕು ಗಂಟೆ ಹನ್ನೊಂದು ವರ್ಷದಿಂದ ಅವರ ಒಪೆರಾ ಕೂಟದ್ದು. ಗುರುರಾಜ ಕೊಟ್ಟ ಮೂರು ಅರ್ಜಿಗಳೂ “ಪರಿಶೀಲನೆಯಲ್ಲಿ” ಇದ್ದವು.

“ಈಗ ಹೋಗಿ ಕೇಳಿ, ಚೆನ್ನಾಗಿ ಹೊಗಳಿ. ಆಮೇಲೆ ಅರ್ಜಿ ಮುಂದಿಡಿ,” ಎಂದಳು ಅಹಲ್ಯಾ. “ಮೂರೇ ಮಾತು. ಅದ್ಭುತ, ಅಪೂರ್ವ, ಅವರ್ಣನೀಯ. ನಾಲ್ಕನೇದು ಆಡಿದ್ರೆ ಚಿವುಟ್ತೀನಿ.”

ನಾಲ್ಕು ಗಂಟೆಗೆ ಕ್ಲಬ್ ಹೌಸಿನಲ್ಲಿ ಪರದೆ ಎಳೆದು, ಕರ್ನಲ್ ಮನೆಯಿಂದ ತಂದ ಪ್ಲೇಯರನ್ನು ಮೇಜಿನ ಮೇಲೆ ಇಟ್ಟಿದ್ದರು. ಕೂಟದ ಖಾಯಂ ಭಕ್ತರು ಇನ್ನಿಬ್ಬರೇ. ಒಬ್ಬರು ಕೇಂದ್ರ ಸರ್ಕಾರದ ಕಡತಗಳ ನಡುವೆ ನಿವೃತ್ತರಾದ ದಕ್ಷಿಣಾಮೂರ್ತಿ. ಮಹಾರಾಣಿಯ ‘ಮುಸ್ಸಂಜೆಯಂಥ ಮಂದ್ರ’ದ ಬಗ್ಗೆ ಸೊಸೈಟಿಯ ಸ್ಮರಣ ಸಂಚಿಕೆಯಲ್ಲಿ ಎಂಟು ಪುಟ ಬರೆದವರು. ಇನ್ನೊಬ್ಬಳು ಐಟಿ ಕಂಪನಿಯ ಲಾವಣ್ಯಾ. ವಾರವಿಡೀ ಮೀಟಿಂಗುಗಳಲ್ಲಿ ಬೈಸಿಕೊಂಡು, ಭಾನುವಾರ ಇಲ್ಲಿ ಬಂದು ನೆಮ್ಮದಿಯಾಗಿ ಅಳುವವಳು.

ಇಟಲಿಯ ಹೆಸರುಗಳು ಯಾರ ನಾಲಿಗೆಗೂ ಒಗ್ಗದ ಕಾರಣ ಗಾಯಕರಿಗೆಲ್ಲ ಕರ್ನಲ್ಲೇ ಹುದ್ದೆ ಕೊಟ್ಟಿದ್ದರು. ಪ್ರೇಮಿಯ ಪಾತ್ರದವನು ಕ್ಯಾಪ್ಟನ್. ಪಾತಾಳದಿಂದ ಹಾಡುವ ಮುದುಕ ಸುಬೇದಾರ್ ಸಾಹೇಬರು. ನಾಯಕಿ ಮಹಾರಾಣಿ. ಅರವತ್ತು ವರ್ಷದ ಹಿಂದೆ ತುಂಬಿದ ಸಭೆಯ ಮುಂದೆ ಹಾಡಿದಾಗ ಮುದ್ರಿಸಿದ ರೆಕಾರ್ಡು ಅದು. ಮೊಬೈಲಿನಲ್ಲಿ ಒಪೆರಾ ಕೇಳುವುದು ಕೂಟದಲ್ಲಿ ನಿಷಿದ್ಧ.

“ಶಿಸ್ತು ಒಂದೇ,” ಎಂದರು ಕರ್ನಲ್. “ರೆಕಾರ್ಡಿನಲ್ಲಿ ಚಪ್ಪಾಳೆ ಬಿದ್ದಾಗ ನಾವೂ ತಟ್ಟೋದು. ಅಲ್ಲೀ ತನಕ ಸೊಳ್ಳೆ ಕಚ್ಚಿದ್ರೂ ಹೊಡಿಯೋ ಹಾಗಿಲ್ಲ.”

ಮುಳ್ಳು ಇಳಿಯಿತು. ಕ್ಯಾಪ್ಟನ್ ಬೇಡಿಕೊಂಡ, ಸುಬೇದಾರರು ಗದರಿದರು, ಮಹಾರಾಣಿ ವಿಷದ ಬಟ್ಟಲು ಎತ್ತಿದಳು. ಒಂದು ಸಾಲು ಮೇಲೆ ಹೋಗಿ, ಹಕ್ಕಿ ಕೊಂಬೆಗೆ ಇಳಿದಂತೆ ಇಳಿದು ನಿಂತಿತು. ಹುಟ್ಟಿನಿಂದ ಬಂದ ಅಭ್ಯಾಸ, ಗುರುರಾಜನ ಬಾಯಿಂದ ದೊಡ್ಡದಾಗಿ ಬಂತು: “ಭಲೇ!”

ಲಾವಣ್ಯಾಳ ಕಣ್ಣೀರು ಅರ್ಧಕ್ಕೇ ನಿಂತಿತು. ಅಹಲ್ಯಾ ಚಿವುಟಿದಳು. ಕರ್ನಲ್ ಗಡಿಯಲ್ಲಿ ಶತ್ರುವನ್ನು ನೋಡುವಂತೆ ನೋಡಿದರು. ಗುರುರಾಜ ಕಣ್ಣು ಮುಚ್ಚಿಕೊಂಡು, ಕೊನೆಯ ಚಪ್ಪಾಳೆಯ ತನಕ ಉಸಿರೂ ಆಡದೆ ಕೂತ.

“ಈಗ ಹೇಳಿ,” ಎಂದರು ಕರ್ನಲ್.

“ಅದ್ಭುತ. ಅಪೂರ್ವ. ಅವರ್ಣನೀಯ.”

“ಅವರ್ಣನೀಯ ಅಂದ್ರೆ ತಪ್ಪಿಸ್ಕೊಂಡ ಹಾಗಾಯ್ತು,” ಎಂದರು ದಕ್ಷಿಣಾಮೂರ್ತಿ. “ನಿಮಗೆ ಯಾವುದು ವಿಶೇಷ ಅನ್ನಿಸ್ತು?”

ಗುರುರಾಜನಿಗೆ ಸುಳ್ಳು ಹೇಳಲು ಬರುತ್ತಿತ್ತು. ಹಾಡಿನ ವಿಷಯದಲ್ಲಿ ಬರುತ್ತಿರಲಿಲ್ಲ. “ಉಸಿರು,” ಎಂದ.

ಕರ್ನಲ್ ಕುರ್ಚಿಯಿಂದೆದ್ದರು. “ಶಾಬಾಶ್! ಹನ್ನೊಂದು ವರ್ಷದಲ್ಲಿ ಯಾರೂ ಅದನ್ನ ಹೇಳಿರಲಿಲ್ಲ!”

“ಇಷ್ಟು ಉದ್ದದ ಉಸಿರು ಮನುಷ್ಯರದ್ದಲ್ಲ ಸರ್.”

“ಅಲ್ಲವೇ ಅಲ್ಲ! ದೇವತೆಯದ್ದು!”

“ಅಲ್ಲ ಸರ್. ಮೋಟಾರಿಂದು.”

ಅಹಲ್ಯಾ ಚಿವುಟಲಿಲ್ಲ, ಅದರ ಕಾಲ ಮೀರಿತ್ತು.

“ಆಯಮ್ಮ ಉಸಿರು ಎಳೆಯೋದೇ ಬಹಳ ನಿಧಾನ,” ಎಂದು ಗುರುರಾಜ ನೆಲ ನೋಡುತ್ತ ಹೇಳಿದ. “ಪಿಟೀಲಿನವರೂ ನಿಧಾನ. ಜನರ ಚಪ್ಪಾಳೆಯೂ ಒದ್ದೆ ಬಟ್ಟೆ ಬಡಿದ ಹಾಗಿದೆ. ಎಲ್ಲರೂ ಒಟ್ಟಿಗೆ ಶ್ರುತಿ ಇಳಿಸಲ್ಲವಲ್ಲ ಸರ್. ಪ್ಲೇಯರ್ ಎಲ್ಲಿಂದ ತಂದಿದ್ದು?”

“ಅಮೆರಿಕದಿಂದ ಗೆಳೆಯ ಕಳಿಸಿದ್ದು. ವೋಲ್ಟೇಜ್ ಇಳಿಸೋ ಡಬ್ಬ ಇಟ್ಟಿದೀನಲ್ಲ?”

“ಡಬ್ಬ ವೋಲ್ಟೇಜ್ ನೋಡ್ಕೊಳತ್ತೆ, ಓಟ ನೋಡ್ಕೊಳಲ್ಲ. ಅಲ್ಲಿನ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯತ್ತೆ, ಇಲ್ಲಿಂದು ಐವತ್ತು. ಈ ಮೋಟಾರು ಕರೆಂಟಿನ ತಾಳಕ್ಕೇ ಓಡೋದು.”

“ಸಾಬೀತು ಮಾಡಿ,” ಎಂದರು ಕರ್ನಲ್. ದನಿಯಲ್ಲಿ ಕೋರ್ಟ್ ಮಾರ್ಷಲ್ ಇತ್ತು.

ರೆಕಾರ್ಡಿನ ಅಂಚಿಗೊಂದು ಚೂರು ಕಾಗದ ಅಂಟಿಸಿದರು. ಲಾವಣ್ಯಾ ಮೊಬೈಲಿನಲ್ಲಿ ಸಮಯ ಹಿಡಿದಳು. ಎಲ್ಲರೂ ಒಟ್ಟಾಗಿ, ಒಂದನೇ ಕ್ಲಾಸಿನ ಮಕ್ಕಳಂತೆ, ಎಣಿಸಿದರು. ನಿಮಿಷಕ್ಕೆ ಮೂವತ್ಮೂರು ಸುತ್ತು ತಿರುಗಬೇಕಾದದ್ದು ಇಪ್ಪತ್ತೆಂಟೂ ತುಂಬಲಿಲ್ಲ.

ಗುರುರಾಜ ಸೊಸೈಟಿಯ ಎಲೆಕ್ಟ್ರಿಷಿಯನ್ ಭಯ್ಯಾನಿಂದ ಇನ್ಸುಲೇಷನ್ ಟೇಪ್ ತರಿಸಿ, ಮೋಟಾರಿನ ಪುಟ್ಟ ರಾಟೆಗೆ ಏಳು ಸುತ್ತು ಸುತ್ತಿ, ಅದನ್ನು ದಪ್ಪ ಮಾಡಿ ಬೆಲ್ಟ್ ಏರಿಸಿದ; ಈಗ ತಟ್ಟೆ ಮೊದಲಿಗಿಂತ ಬೇಗ ತಿರುಗಬೇಕು. ಮುಳ್ಳು ಮತ್ತೆ ಇಳಿಯಿತು.

ಬಂದವಳು ಬೇರೆಯೇ ಹೆಣ್ಣು. ಭಾರವಾದ ರೇಷ್ಮೆ ಸೀರೆಯನ್ನು ಕಳಚಿ ಓಡಿಬಂದವಳಂತೆ, ಇಪ್ಪತ್ತೈದು ಮೀರದ, ಬೆಳ್ಳಿಯ ತಂತಿಯಂಥ ದನಿ. ಸಾಯಲು ಮನಸ್ಸಿಲ್ಲದೆ ಸಾಯುತ್ತಿದ್ದಳು. ಗುರುರಾಜನ ಮೈ ಜುಮ್ಮೆಂದಿತು. ಅವಳ ಉಸಿರು ಈಗ ಕೇಳಿಸಿತು. ಚಿಕ್ಕದು, ಹೆದರಿದ್ದು, ಮನುಷ್ಯರದ್ದು. “ಭಲೇ...” ಎಂದ, ತನಗೇ ಕೇಳದಷ್ಟು ಮೆಲ್ಲಗೆ.

ಉಳಿದವರು ಬೇರೆ ಸಂಕಟದಲ್ಲಿದ್ದರು. ಸುಬೇದಾರ್ ಸಾಹೇಬರು ಬಡ್ತಿ ಕಳೆದುಕೊಂಡು ಗುಮಾಸ್ತರಾಗಿದ್ದರು. ಕ್ಯಾಪ್ಟನ್ ಕೊನೆಯ ಬಸ್ಸು ಹಿಡಿಯುವ ಅವಸರದಲ್ಲಿದ್ದ. ಹನ್ನೆರಡು ನಿಮಿಷ ಸಾಯುತ್ತಿದ್ದ ಮಹಾರಾಣಿ ಹತ್ತೇ ನಿಮಿಷಕ್ಕೆ ಸತ್ತಳು. ಲಾವಣ್ಯಾಳಿಗೆ ಅಳು ಸರಿಯಾಗಿ ಶುರುವಾಗುವ ಮೊದಲೇ ಚಪ್ಪಾಳೆ ಬಿತ್ತು.

“ನನ್ನ ಎಂಟು ಪುಟ!” ಎಂದು ದಕ್ಷಿಣಾಮೂರ್ತಿ ತಲೆ ಹಿಡಿದುಕೊಂಡರು. “ಮುಸ್ಸಂಜೆ ಅಂತ ಬರೆದೆನಲ್ಲಾ! ಇವಳು ಬೆಳಗಿನ ಏಳು ಗಂಟೆ!”

“ತೆಗೀರಿ ಆ ಟೇಪ್ನ,” ಎಂದರು ಕರ್ನಲ್.

ಗುರುರಾಜ ತೆಗೆದ. ಹಳೆಯ ಮಹಾರಾಣಿ ಮತ್ತೆ ಬಂದಳು. ಎರಡು ಸಾಲು ಆಗುತ್ತಿದ್ದಂತೆ ಲಾವಣ್ಯಾ ಕಿಸಕ್ಕನೆ ನಕ್ಕುಬಿಟ್ಟಳು. “ಸಾರಿ ಅಂಕಲ್! ನಿದ್ದೆ ಮಾತ್ರೆ ತಗೊಂಡ ಹಾಗಿದೆ.” ಒಮ್ಮೆ ಗೊತ್ತಾದ ಮೇಲೆ ಕಿವಿಗೆ ಮರೆಯಲು ಬರುವುದಿಲ್ಲ. ಕರ್ನಲ್ ತಾವಾಗಿಯೇ ಮುಳ್ಳು ಎತ್ತಿದರು.

“ಗುರುರಾಜ್, ಆ ಏಳು ಸುತ್ತು ಮತ್ತೆ ಸುತ್ತಿಕೊಡಿ,” ಎಂದರು ಕೊನೆಗೆ. “ಹನ್ನೊಂದು ವರ್ಷ ಆಕೆ ಪಾಪ ನನ್ನಿಂದಾಗಿ ಆ ದನಿ ಹೊತ್ಕೊಂಡು ಓಡಾಡಿದಳು. ಇನ್ನು ಸ್ವಲ್ಪ ದಿನ ಮನೇಲಿ ಒಬ್ಬನೇ ಕೇಳ್ತೀನಿ. ಪರಿಚಯ ಮೊದಲಿಂದ ಆಗ್ಬೇಕು.” ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. “ಭಾನುವಾರ ನಾಲ್ಕು ಗಂಟೆ ನಿಮ್ಮದು. ಎಲ್ಲ ಭಾನುವಾರನೂ.”

ಗುರುರಾಜ ಬೀಗದ ಕೈಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡ. ಲಾವಣ್ಯಾ ಓಡಿಬಂದು ಕೈ ಕುಲುಕಿದಳು. “ನಿಮ್ಮ ಕಿವಿಗೆ ಸಲಾಂ ಸರ್! ನಮ್ಮ ದೆಹಲಿ ಕನ್ನಡಿಗರ ಗ್ರೂಪಲ್ಲಿ ನಡೆದದ್ದೆಲ್ಲ ಬರೆದು ಹಾಕಿಬಿಟ್ಟೆ, ಆಗಲೇ ನೂರಾಹತ್ತು ಜನ ನೋಡಿದಾರೆ!”

ಮನೆಗೆ ಬಂದವನೇ ಸುಶೀಲಮ್ಮನವರಿಗೆ ಫೋನ್ ಮಾಡಿದ. ಅಹಲ್ಯಾ ಪಕ್ಕದಲ್ಲೇ ನಿಂತು ಕಿವಿಗೊಟ್ಟಳು.

“ಅಮ್ಮಾ, ಜಾಗ ಸಿಕ್ತು! ಕುಕ್ಕರ್ ಇಲ್ಲ, ಗಲಾಟೆ ಇಲ್ಲ. ಪ್ರತಿ ಭಾನುವಾರನೂ ನಮ್ಮದೇ.”



“ಮೊಮ್ಮಗಳು ಗ್ರೂಪಲ್ಲಿ ಬಂದಿದ್ದು ಓದಿ ಹೇಳಿದಳು,” ಎಂದರು ಸುಶೀಲಮ್ಮ. “ಕಣ್ಮುಚ್ಚಿ ಕೂತು, ಅಷ್ಟು ದೊಡ್ಡ ಹಾಡುಗಾರ್ತಿ ಶ್ರುತಿ ಇಳಿದಿದ್ದು ಹಿಡಿದೆಯಂತೆ. ಉಸಿರು ಎಲ್ಲಿ ಎಳೀತಾಳೆ ಅಂತ ಲೆಕ್ಕ ಇಟ್ಟಿದ್ದೆಯಂತೆ.”

“ಅಯ್ಯೋ, ಆಕೆ ತಪ್ಪಲ್ಲಮ್ಮ! ಮೋಟಾರಿನ ತಪ್ಪು!”

“ನನ್ನ ಮೋಟಾರಿಗೂ ಎಪ್ಪತ್ತೆರಡು ಆಯ್ತು ಗುರು. ಸಾಲು ಮುಗಿಯೋ ಮೊದಲೇ ಉಸಿರು ಮುಗಿಯತ್ತೆ. ಇದಕ್ಕೆ ಟೇಪ್ ಸುತ್ತಕ್ಕಾಗಲ್ಲ. ನಿನಗೆ ಅಷ್ಟು ಕಿವಿ ಇಲ್ಲ ಅಂದ್ಕೊಂಡೇ ನಾನು ಒಪ್ಪಿದ್ದು.”

“ಅಮ್ಮಾ, ಒಂದು ಗಂಟೆ ಬೇಡ. ಒಂದೇ ಒಂದು ಪದ್ಯ. ಕಿವೀಲಿ ಹತ್ತಿ ಇಟ್ಕೊಂಡು ಬೇಕಾದ್ರೂ ಕೂತ್ಕೊತೀನಿ.”

“ಒಂದು ಸಾಲೂ ಇಲ್ಲ,” ಎಂದರು ಸುಶೀಲಮ್ಮ, ಬಹಳ ಪ್ರೀತಿಯಿಂದ. “ನಿನ್ನ ಮುಂದೆ ನಾನು ಹಾಡಲ್ಲ.”