ಎರಡು ಪಿನ್ನಿನ ವೈರು ಮತ್ತು ಮಾಣಿಕಪ್ಪನ ಹೊಲಗಳು

ಅನುಮಾನ ಪಡುವುದನ್ನು ಜನ ಯಾಕೆ ಕೆಟ್ಟ ಗುಣ ಎನ್ನುತ್ತಾರೋ ನನಗೆ ತಿಳಿಯದು. ಹಾಲಿನಲ್ಲಿ ನೀರಿದೆಯೇ ಎಂದು ಅನುಮಾನ ಪಟ್ಟರೆ ಜಾಣೆ ಎನ್ನುತ್ತಾರೆ. ಹಾಲು ಕೊಟ್ಟವನು ಇವತ್ತು ಯಾಕೆ ನಕ್ಕ ಎಂದು ಅನುಮಾನ ಪಟ್ಟರೆ ಮಾತ್ರ ಮುಖ ಸಿಂಡರಿಸುತ್ತಾರೆ. ನಾನು ಎರಡನ್ನೂ ಪಡುವವಳು. ನನ್ನ ಲ್ಯಾಪ್‌ಟಾಪಿನ ಕ್ಯಾಮರಾದ ಮೇಲೆ ಕಪ್ಪು ಟೇಪು ಇದೆ. ಅದರ ಎಡಗಡೆಯ ಪೋರ್ಟಿನ ಮೇಲೂ ಟೇಪು ಇದೆ, ಯಾರಾದರೂ ಪೆನ್‌ಡ್ರೈವ್ ಚುಚ್ಚಿಯಾರು ಎಂದು. ಬೀದರಿನ ನಮ್ಮ ಮನೆಯಲ್ಲಿ ಇರುವುದು ಮೂವರೇ. ಅಪ್ಪನಿಗೆ ಗಾಂಧಿ ಗಂಜದ ಧಾನ್ಯಪೇಟೆಯಲ್ಲಿ ಅಡತ ಅಂಗಡಿ, ದಲ್ಲಾಳಿ ವ್ಯಾಪಾರ. ಹಗಲೆಲ್ಲ ರೈತರು ತಂದ ತೊಗರಿ ನೋಡಿ ದಣಿದು ಬಂದವರು ಟೀವಿ ಮುಂದೆ ಕೂತರೆ ಊಟಕ್ಕೇ ಏಳುವುದು. ಅವ್ವ ನನ್ನ ಪೆನ್‌ಡ್ರೈವನ್ನು ಲಿಪ್‌ಸ್ಟಿಕ್ ಎಂದುಕೊಂಡು, ಬಣ್ಣ ನೋಡಲು ಮುಚ್ಚಳ ತೆಗೆದವಳು. ಚುಚ್ಚುವವರು ಯಾರೂ ಇಲ್ಲ ನಿಜ. ಆದರೂ ಇರಲಿ.

ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಔರಾದ ತಾಲೂಕಿನ ಹೊಲಗಳ ಹೆಸರುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಊರಿಗೊಂದು ಹೆಸರಿರುವಂತೆ ನಮ್ಮ ಕಡೆ ಒಂದೊಂದು ಹೊಲಕ್ಕೂ ಹೆಸರಿದೆ. ಅವನ್ನು ಹಿರಿಯರ ಬಾಯಿಂದ ಕೇಳಿ, ರೆಕಾರ್ಡ್ ಮಾಡಿ, ಅರ್ಥ ಹುಡುಕುವುದು ನನ್ನ ಕೆಲಸ. ಎರಡು ವರ್ಷ ಹೀಗೆ ಮಾತು ತುಂಬಿಸಿದ ಮೇಲೆ ಲ್ಯಾಪ್‌ಟಾಪ್ ಒಂದು ದಿನ ಜಾಗವಿಲ್ಲ ಎಂದಿತು. ಇಂಟರ್‌ನೆಟ್ಟಿನಲ್ಲಿ ಇಡಿ, ಎಲ್ಲರೂ ಅಲ್ಲೇ ಇಡುತ್ತಾರೆ ಎಂದರು ಸಹೋದ್ಯೋಗಿಗಳು. ನನ್ನ ಬಟ್ಟೆಗಳನ್ನು ಗುರುತಿಲ್ಲದವರ ಕಪಾಟಿನಲ್ಲಿಟ್ಟು, ಬೇಕಾದಾಗ ಬಾಗಿಲು ತಟ್ಟಿ ಕೇಳಿದಂತಾಗುತ್ತದೆ ಅದು. ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ, ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ಕೇಳಿದೆ.

ಅಂಗಡಿಯವನು ಕೊಟ್ಟ ಡಿಸ್ಕಿಗೆ ಒಂದು ವಿಚಿತ್ರ ವೈರಿತ್ತು. ಡಿಸ್ಕಿನ ಕಡೆ ಒಂದು ತುದಿ, ಲ್ಯಾಪ್‌ಟಾಪಿನ ಕಡೆ ಎರಡು ಪಿನ್ನು.

"ಎರಡೂ ಪಿನ್ ಹಚ್ಚರಿ ಮೇಡಂ. ಒಂದರಾಗ ನಿಮ್ಮ ಸಾಮಾನು ಹೋಗ್ತದ, ಇನ್ನೊಂದರಾಗ ಬರೇ ಕರೆಂಟ್. ನಿಮ್ಮ ಲ್ಯಾಪ್‌ಟಾಪ್ ಹಳೀದದ, ಒಂದ ಪಿನ್ನಿನ ತಾಕತ್ತು ಇದಕ್ಕ ಸಾಲಂಗಿಲ್ಲ."

"ಬರೇ ಕರೆಂಟ್ ಅಂತ ಹ್ಯಾಂಗ ಹೇಳ್ತೀರಿ?"

"ಹದಿನೈದು ವರ್ಷ ಆಯ್ತರಿ ಇದೇ ದುಕಾನದಾಗ ಕೂತು."

ಇದು ಉತ್ತರವಲ್ಲ. ಹದಿನೈದು ವರ್ಷ ಒಂದೇ ಕಡೆ ಕೂತವನ ಮೇಲೆ ನನಗೆ ಅನುಮಾನ ಹೆಚ್ಚೇ. ಒಂದೇ ಕೆಲಸಕ್ಕೆ ಎರಡು ಪಿನ್ನು ಯಾಕೆ? ಎರಡನೆಯದರಲ್ಲಿ ಏನು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದವಳೇ ಎರಡನೆಯ ಪಿನ್ನಿಗೆ ಟೇಪು ಸುತ್ತಿದೆ, ಬೆರಳಿಗೆ ಬ್ಯಾಂಡೇಜು ಕಟ್ಟಿದ ಹಾಗೆ. ಮೊದಲನೆಯದನ್ನಷ್ಟೇ ಹಚ್ಚಿ, ರೆಕಾರ್ಡಿಂಗುಗಳನ್ನೆಲ್ಲ ಡಿಸ್ಕಿಗೆ ಸಾಗಿಸಿ, ಲ್ಯಾಪ್‌ಟಾಪಿನಿಂದ ಅಳಿಸಿದೆ. ಒಂದೇ ಪ್ರತಿ ಇದ್ದರೆ ಕಾಯುವುದು ಸುಲಭ ಎಂಬುದು ನನ್ನ ಲೆಕ್ಕ.

ಡಿಸ್ಕು ಕೆಲಸವನ್ನೇನೋ ಮಾಡಿತು. ಆದರೆ ಆಗಾಗ ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಮಾಡಿ, ಪರದೆಯಿಂದ ಮಾಯವಾಗಿ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವರಂತೆ ಮರಳಿ ಬರುತ್ತಿತ್ತು. ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು, ಮಾಯವಾದ ಹೊತ್ತು ಮತ್ತು ಆಗ ಮನೆಯಲ್ಲಿ ನಡೆಯುತ್ತಿದ್ದ ಕೆಲಸ ಎರಡನ್ನೂ ಬರೆದೆ. ಏಳರಲ್ಲಿ ನಾಲ್ಕು ಸಲ ಅಡಿಗೆಮನೆಯಲ್ಲಿ ಮಿಕ್ಸರ್ ತಿರುಗುತ್ತಿತ್ತು. ಮಿಕ್ಸರ್ ನಿಷೇಧಿಸಿದೆ.

"ನಿನ್ನ ಡಬ್ಬಿ ಸಲುವಾಗಿ ಮೂರು ದಿನ ಆಯ್ತು, ಮನ್ಯಾಗ ರೊಟ್ಟಿಗಿ ಶೇಂಗಾ ಹಿಂಡಿ ಇಲ್ಲ" ಎಂದಳು ಅವ್ವ. "ಹಿಂದಿನವರು ಭೂತ ಹಿಡಿದ್ರ ಬೇವಿನ ಸೊಪ್ಪು ಹಚ್ಚತಿದ್ರು. ನೀ ಮಿಕ್ಸರ್ ಬಂದ್ ಮಾಡ್ತಿ."

ಮಿಕ್ಸರ್ ಸುಮ್ಮನಿದ್ದಾಗಲೂ ಡಿಸ್ಕು ಟಿಕ್ ಟಿಕ್ ಎಂದಿತು. ಆಗ ನನ್ನ ಅನುಮಾನ ಪೂರ್ತಿ ಅಂಗಡಿಯವನ ಮೇಲೆ ನಿಂತಿತು: ಹಳೆಯ ಡಿಸ್ಕು ಕೊಟ್ಟಿದ್ದಾನೆ. ಜಗಳಕ್ಕೆ ಹೋಗಲು ಪುರುಸೊತ್ತಿರಲಿಲ್ಲ. ಸೋಮವಾರ ನನ್ನ ಮಾರ್ಗದರ್ಶಕರಿಗೆ ಮೂರನೆಯ ಅಧ್ಯಾಯ ಕೊಡಬೇಕಿತ್ತು. ಆ ಅಧ್ಯಾಯವೆಲ್ಲ ಸಂತಪುರದ ಮಾಣಿಕಪ್ಪ ಎಂಬ ಒಬ್ಬ ಮುದುಕನ ಹೊಲಗಳ ಮೇಲೆಯೇ ನಿಂತಿತ್ತು, ಮತ್ತು ಅವನ ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಸಹಿಯಿಲ್ಲದಿದ್ದರೆ ಅಧ್ಯಾಯವಿಲ್ಲ ಎಂದು ಮಾರ್ಗದರ್ಶಕರು ಮೊದಲೇ ಹೇಳಿದ್ದರು.

ಮಾಣಿಕಪ್ಪನ ಬಗ್ಗೆ ಹೇಳಬೇಕೆಂದರೆ, ನಾನು ಕಂಡವರಲ್ಲಿ ನನಗಿಂತ ಹೆಚ್ಚು ಅನುಮಾನ ಪಡುವ ಮನುಷ್ಯ ಅವನೊಬ್ಬನೇ. ಮೊದಲ ಸಲ ಹೋದಾಗ ಅರ್ಧ ಗಂಟೆ ನನ್ನನ್ನೇ ವಿಚಾರಿಸಿದ್ದ. "ಹೊಲದ ಹೆಸರು ತಗೊಂಡು ಏನ ಮಾಡ್ತಿ? ಪಹಣಿ ಬದಲಿ ಮಾಡ್ತಿಯೇನು?" ಎಂದಿದ್ದ. ಕೊನೆಗೆ ಹೆಸರುಗಳನ್ನು ಹೇಳಿದನಾದರೂ ಒಂದು ಕರಾರು ಹಾಕಿದ: ಅವನು ಆಡಿದ ಮಾತನ್ನು ಮೊದಲಿಂದ ಕೊನೆಯವರೆಗೆ ಅವನಿಗೆ ಕೇಳಿಸಬೇಕು, ಆಮೇಲೆಯೇ ಸಹಿ. ಅವನು ಹೇಳಿದ ಹೆಸರುಗಳು ಮಾತ್ರ ಬಂಗಾರದಂಥವು: ಸರ್ಜಾನ ಪಟ್ಟಿ, ಮೋತಿ ತುಕಡಿ, ಸೋನ್ಯಾನ ಹೊಲ, ರಾಜಾನ ಮಾಳ. ಮೋತಿ ಎಂದರೆ ಮುತ್ತು, ಸೋನಾ ಎಂದರೆ ಬಂಗಾರ, ರಾಜಾ ಇದ್ದೇ ಇದ್ದಾನೆ. ಹಳೆಯ ಅರಸರು, ಮುತ್ತಿನ ವ್ಯಾಪಾರಿಗಳು, ಅವರು ನಡೆದ ಹಾದಿ ಎಂದು ನಾನು ಹನ್ನೆರಡು ಪುಟ ಬರೆದಿದ್ದೆ.

ಭಾನುವಾರ ಬೆಳಿಗ್ಗೆ ಔರಾದ ಬಸ್ಸು ಹತ್ತಿ ಸಂತಪುರದಲ್ಲಿ ಇಳಿದೆ. ಮಾಣಿಕಪ್ಪ ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಅವನ ಹೆಂಡತಿ ಕಾಶೆಮ್ಮ ತೊಗರಿ ಹಸನು ಮಾಡುತ್ತಿದ್ದಳು.

"ಎಷ್ಟೊತ್ತಿಗೆ ಬರ್ತೇನಿ ಅಂದಿದ್ದಿ, ಎಷ್ಟೊತ್ತಿಗೆ ಬಂದಿ?"

"ನಮ್ಮ ಓಣ್ಯಾಗಿಂದ ಬೀದರ ಬಸ್‌ಸ್ಟ್ಯಾಂಡಿಗೆ ಆಟೋನೇ ಸಿಗಲಿಲ್ಲರಿ ಮುತ್ಯಾ."

ಅವನು ಹುಬ್ಬು ಏರಿಸಿದ. ಆಗ ನಾನದರ ಅರ್ಥ ಹುಡುಕಲಿಲ್ಲ. ಚಾರ್ಜರ್ ಹಚ್ಚಲು ಹೋದರೆ ಊರಲ್ಲಿ ಕರೆಂಟೇ ಇರಲಿಲ್ಲ. ಬ್ಯಾಟರಿಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಡಿಸ್ಕು ಜೋಡಿಸಿದೆ. ಟಿಕ್ ಟಿಕ್. ಮಾಯ. ತೆಗೆದು ಮತ್ತೆ ಹಚ್ಚಿದೆ. ಟಿಕ್ ಟಿಕ್. ಮನೆಯಲ್ಲಾದರೆ ಮರಳಿ ಬರುತ್ತಿತ್ತು; ಇಲ್ಲಿ ಬರುವ ಲಕ್ಷಣವೇ ಇಲ್ಲ. ಎರಡು ವರ್ಷದ ಮಾತು, ಒಂದೇ ಪ್ರತಿ.

"ನೋಡು, ನನ್ನ ಮಾತ ನುಂಗಿ ಕುಂತದ" ಎಂದು ಮಾಣಿಕಪ್ಪ ಹೆಂಡತಿಗೆ ಹೇಳಿದ. "ನಾ ಅವತ್ತ ಹೇಳಲಿಲ್ಲೇನು?"

ಆಮೇಲೆ ಬಗ್ಗಿ, ಆ ವೈರನ್ನು ಹಾವು ನೋಡಿದಂತೆ ನೋಡಿದ.

"ಇದಕ್ಕ ಎರಡು ಪಿನ್ ಅವಲ್ಲಾ. ಒಂದಕ್ಕ ಯಾಕ ಪಟ್ಟಿ ಸುತ್ತೀದಿ? ಗಾಯ ಆಗ್ಯಾದೇನು?"

"ಅದು ಬ್ಯಾಡರಿ. ಅದು ಬರೇ ಕರೆಂಟಿಂದು ಅಂತ ಅಂಗಡಿಯವ ಅಂತಾನ."

"ಜೋಡೆತ್ತಿನ ಬಂಡಿಗಿ ಒಂದ ಎತ್ತು ಹೂಡಿ, ಏರು ಹತ್ತವಲ್ದು ಅಂತ ಕುಂತೀ? ಬಿಚ್ಚವ್ವಾ ಆ ಪಟ್ಟಿ."

ಇಬ್ಬರು ಮುದುಕರ ಎದುರು ನಾನು ಪಿನ್ನಿನ ಟೇಪು ಬಿಚ್ಚಿದೆ. ಅದನ್ನು ಚುಚ್ಚಲು ಪೋರ್ಟು ಹುಡುಕಿದರೆ ಅದರ ಮೇಲೂ ನಾನೇ ಹಚ್ಚಿದ ಟೇಪು. ಉಗುರಿನಿಂದ ಅದನ್ನೂ ಕೆರೆದೆ. "ಇಷ್ಟು ಪಟ್ಟಿ ನನ್ನ ಮೊಣಕಾಲಿಗೂ ಇಲ್ಲ" ಎಂದಳು ಕಾಶೆಮ್ಮ. ಎರಡೂ ಪಿನ್ನು ಹಚ್ಚಿದ್ದೇ ತಡ, ಡಿಸ್ಕು ಒಮ್ಮೆ ಗುಂಯ್ ಎಂದು, ಹೊಟ್ಟೆ ತುಂಬಿದ ಕೂಸಿನಂತೆ ಸುಮ್ಮನಾಯಿತು. ರೆಕಾರ್ಡಿಂಗುಗಳೆಲ್ಲ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಪಾಪ, ಹದಿನೈದು ವರ್ಷ ಕೂತ ಆ ಮನುಷ್ಯ.

ಮಾಣಿಕಪ್ಪನ ಮಾತು ಮೊದಲಿನಿಂದ ಹಚ್ಚಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಸರ್ಜಾನ ಪಟ್ಟಿ ಬಂತು, ಮೋತಿ ತುಕಡಿ ಬಂತು, ಕೊನೆಗೆ ನನ್ನ ಧನ್ಯವಾದವೂ ಬಂತು. ಮನೆಯಲ್ಲಿ ನಾನು ಕೇಳುತ್ತಿದ್ದುದು ಅಲ್ಲಿಯವರೆಗೆ ಮಾತ್ರ. ಅವತ್ತು ನಾನು ಕೈ ತೊಳೆಯಲು ಎದ್ದು ಹೋದಾಗ ರೆಕಾರ್ಡರ್ ಹೊರಸಿನ ಮೇಲೆ ನಡೆಯುತ್ತಲೇ ಇತ್ತೆಂದು ಕಾಣುತ್ತದೆ. ಅದರೊಳಗಿಂದ ಕಾಶೆಮ್ಮನ ಪಿಸುಮಾತು ಬಂತು: "ಯಾಕ್ರಿ, ಆ ಹುಡುಗಿಗಿ ಬರೇ ಎತ್ತಿನ ಹೆಸರೇ ಹೇಳೀರಿ?" ಹಿಂದೆಯೇ ಮಾಣಿಕಪ್ಪನ ದನಿ: "ಸುಮ್ಮಿರು ನೀ. ಖರೇ ಹೆಸರು ಹೇಳಿ ಹೊಲ ಕಳಕೋಬೇಕೇನು?"

ಕಾಶೆಮ್ಮ ಮೊರದಲ್ಲಿದ್ದ ತೊಗರಿಯನ್ನು ಬಹಳ ಜೋರಾಗಿ ಕೇರತೊಡಗಿದಳು. ಹನ್ನೆರಡು ಪುಟ. ಮುತ್ತಿನ ವ್ಯಾಪಾರಿಗಳೆಲ್ಲ ನಾಲ್ಕು ಕಾಲಿನವರಾಗಿ ನನ್ನೆದುರು ಮೆಲುಕು ಹಾಕುತ್ತಿದ್ದರು.

"ಮುತ್ಯಾ" ಎಂದೆ, ಎಷ್ಟು ಸಾಧ್ಯವೋ ಅಷ್ಟು ಗಂಭೀರವಾಗಿ, "ಎತ್ತಿನ ಹೆಸರೇನ್ರಿ ಇವು?"

ಅವನು ನಾಚಲಿಲ್ಲ. "ಅದು ಆಮ್ಯಾಲ ನೋಡಣ. ಮೊದಲಿನ ಮಾತು ಜರಾ ತಿರುಗಿ ಹಚ್ಚು."

ಹಚ್ಚಿದೆ. "ಯಾವೂರವ್ವ ನೀ?" ಎಂದು ಅವನ ದನಿ ಕೇಳಿತು. "ಭಾಲ್ಕಿರಿ" ಎಂದು ಸ್ವಲ್ಪವೂ ತಡವರಿಸದೆ ಹೇಳಿದ್ದು ನನ್ನದೇ ದನಿ.

"ಭಾಲ್ಕಿ ಹುಡುಗಿಗಿ ಬೀದರದಾಗ ಓಣಿ ಹ್ಯಾಂಗ ಬಂತವ್ವಾ?"

ಸಂತಪುರದ ತೊಗರಿ ಹೋಗುವುದು ಗಂಜಕ್ಕೆ. ಇಂಥವರ ಮಗಳು ಎಂದರೆ, ನಾನು ಮನೆ ತಲುಪುವ ಮೊದಲೇ ಸುದ್ದಿ ಚೀಲಗಳ ಜೊತೆ ಅಪ್ಪನ ಅಂಗಡಿಗೆ ಇಳಿದಿರುತ್ತದೆ. ಅದಕ್ಕೇ ಕೆಲಸದ ಊರನ್ನು ಹೇಳಿದ್ದೆ.

"ನೀ ಖರೇ ಊರು ಹೇಳು, ನಾ ಖರೇ ಹೆಸರು ಹೇಳ್ತೇನಿ" ಎಂದ ಮಾಣಿಕಪ್ಪ.

ಹೇಳಿದೆ. ಊರು, ಗಂಜ, ಅಪ್ಪನ ಹೆಸರು, ಎಲ್ಲ. ಅವನು ಹೊರಸಿಗೆ ಕೈ ಬಡಿದು ನಕ್ಕ. "ಅವನ ಮಗಳೇನು! ನಮ್ಮ ತೊಗರಿ ಮುಷ್ಟಿಯಾಗ ಹಿಡಿದು ಮೂರು ಸಲ ತಿರುವಿ ನೋಡ್ತಾನ, ಆಮ್ಯಾಲೂ ಹಲ್ಲಿನಾಗ ಕಡೀತಾನ. ನಿಂದೇನ ತಪ್ಪಿಲ್ಲ ಬಿಡು ತಾಯಿ."

ಆಮೇಲೆ ಡಿಸ್ಕಿನ ಎರಡೂ ಪಿನ್ನು ತೆಗೆಸಿ, ಪೆನ್ನಿನಿಂದ ಬರೆದುಕೋ ಎಂದು, ನಾಲ್ಕು ಹೊಲಗಳ ಖರೇ ಹೆಸರು ಹೇಳಿದ: ಗೌರಿ ಹೊಲ, ಚಂದ್ರಿ ತುಕಡಿ, ಕಾಳಿ ಪಟ್ಟಿ, ತುಂಗಿ ಮಾಳ. ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದ. ನಾನು ಕಾಲು ಮುಟ್ಟಿ ನಮಸ್ಕರಿಸಿ ಹೊರಟೆ. ತಲೆಯೊಳಗೆ ಆಗಲೇ ಹೊಸ ಹನ್ನೆರಡು ಪುಟ ಶುರುವಾಗಿದ್ದವು: ಗೌರಿ, ಕಾಳಿ, ದೇವತೆಗಳ ನೆನಪು, ತಾಯಿಯೆಂಬ ಭೂಮಿ.

ಅಂಗಳ ದಾಟುವಾಗ ಹಿಂದಿನ ಕೊಟ್ಟಿಗೆಯ ಕಡೆಯಿಂದ ಕಾಶೆಮ್ಮನ ದನಿ ಕೇಳಿಸಿತು. "ಏ ಚಂದ್ರಿ, ಹಿಂದಕ ಸರಿ! ಹಾಲಿನ ಚರಗಿ ಒದ್ದಗಿದ್ದಿ!"

ಚಂದ್ರಿ ಎಂದು ಅವರ ಮೊಮ್ಮಗಳ ಹೆಸರೂ ಇರಬಹುದು. ತಿರುಗಿ ನೋಡಿದ್ದರೆ ತಿಳಿಯುತ್ತಿತ್ತು. ಹಾಲಿನವನ ನಗುವನ್ನೂ ಬಿಡದ ನಾನು, ಸಹಿ ಬಿದ್ದ ಹಾಳೆಯನ್ನು ಚೀಲದಲ್ಲಿ ಭದ್ರ ಮಾಡಿಕೊಂಡು, ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ಬೇಗ ಬೇಗ ನಡೆದೆ.