ನೋಸ್ ಪಕ್ಕಡ್ ಮತ್ತು ಅಕ್ಕನ ಮೂಗುತಿ

ಸ್ವಲ್ಪ ತಾಳಿ. ಕೈಯಲ್ಲಿ ಚಹಾ ಇದ್ದರೆ ಮೊದಲು ಕೆಳಗಿಡಿ. ಓದುವಾಗ ಚೆಲ್ಲಿಕೊಂಡರೆ ನಾನು ಹೊಣೆಯಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಹೊಸತು. ವಾಡಿಯಲ್ಲಿ ನಮ್ಮ ಸೋದರಮಾವನದು ಪಂಪ್ ರಿಪೇರಿ ಅಂಗಡಿ. ಗೋಡೆಗೆ ತೂಗುಹಾಕಿದ್ದ ಪಕ್ಕಡ್‌ಗಳನ್ನು, ಅಂದರೆ ಇಕ್ಕಳಗಳನ್ನು, ಮೊದಲ ಸಲ ಕಂಡಾಗ ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಪಕ್ಕಡ್ ಎಂದರೆ ಒಂದೇ ಜಾತಿ ಎಂದುಕೊಂಡಿದ್ದವನು. ಇಲ್ಲಿ ಸಾಮ್ರಾಜ್ಯವೇ ಇತ್ತು. ಸಾದಾ ಪಕ್ಕಡ್ ತುದಿಯಲ್ಲಿ ಹಿಡಿಯುತ್ತದೆ, ನಡುವಿನ ಹಲ್ಲಿನಲ್ಲಿ ನಟ್ಟು ತಿರುಗಿಸುತ್ತದೆ, ಬುಡದಲ್ಲಿ ತಂತಿ ಕತ್ತರಿಸುತ್ತದೆ. ಒಂದೇ ಬಾಯಿ, ಮೂರು ಉದ್ಯೋಗ. ನಳದ ಪಕ್ಕಡ್ ಪೈಪಿನ ದಪ್ಪ ನೋಡಿ ಬಾಯಿ ಅಗಲಿಸಿಕೊಳ್ಳುತ್ತದೆ. ಇನ್ನೊಂದಂತೂ ಹಿಡಿ ಒತ್ತಿದರೆ ಬಾಯಿ ಮುಚ್ಚುವ ಬದಲು ತೆರೆಯುತ್ತದೆ! ಬೇರಿಂಗಿನ ಲಾಕ್ ರಿಂಗ್ ಅಗಲಿಸಿ ತೆಗೆಯಲು ಅದು. ಕಬ್ಬಿಣಕ್ಕೆ ಇಷ್ಟು ಬುದ್ಧಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

"ಈ ಉದ್ದ ಮೂತೀದು ಯಾವ್ದು ಮಾಮಾ?"

"ನೋಸ್ ಪಕ್ಕಡ್. ಕೈ ಹೋಗದ ಸಂದ್ಯಾಗ ಇದು ಹೋಗ್ತದ."

ನೋಸ್ ಎಂದರೆ ಮೂಗು. ಅಷ್ಟು ಇಂಗ್ಲಿಷ್ ನನಗೂ ಬರುತ್ತಿತ್ತು. ಕಾಡಿ ಬೇಡಿ ಅದನ್ನು ಚಿತ್ತಾಪುರದ ನಮ್ಮ ಮನೆಗೆ ತಂದೆ.

ಮರುವಾರ ನಮ್ಮ ಶಾಂತಕ್ಕನ ನಿಶ್ಚಯ. ಸೇಡಂನ ಬೀಗರು ಹೊಸ ಮೂಗುತಿ ತೊಡಿಸುವವರಿದ್ದರು. ಅದಕ್ಕೆ ಮೊದಲು ಹಳೆಯದು ಹೊರಬರಬೇಕು. ಬೆಳಗಿನಿಂದ ಅವ್ವ ಸೆಣಸಿದರೂ ಒಳಗಿನ ತಿರುಪು ಕದಲಲಿಲ್ಲ. ನಾನು ಗಂಭೀರವಾಗಿ ಮುಂದೆ ಬಂದೆ.

"ಇದಕ್ಕಂತ ಬ್ಯಾರೆ ಪಕ್ಕಡೇ ಅದ ಅವ್ವಾ. ಹೆಸರೇ ಮೂಗಿಂದು."

"ನಂದು ಮೂಗು, ಪಂಪ್ ಅಲ್ಲ," ಎಂದಳು ಅಕ್ಕ.

"ಸುಮ್ನ ಕುಂದ್ರು. ಕಂಪನಿಯವ್ರು ಹುಚ್ಚರೇನು ಹಂಗ ಹೆಸರಿಡ್ಲಿಕ್ಕ?"

ಪಕ್ಕಡನ್ನು ಶಾಸ್ತ್ರೋಕ್ತವಾಗಿ ಚಿಮಣಿ ಎಣ್ಣೆಯಲ್ಲಿ ತೊಳೆದೆ. ವಾಸನೆಗೆ ಅಕ್ಕನ ಕಣ್ಣಲ್ಲಿ ನೀರು ಬಂತು. ತಿರುಪು ಸಿಕ್ಕಿತು. ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ಬಿಗಿ: ಯಂತ್ರಶಾಸ್ತ್ರದ ಮೊದಲ ಪಾಠ. ಎಡಕ್ಕೆ ತಿರುಗಿಸಿದೆ. ಅಕ್ಕ ಚೀರಿದಳು. ಇನ್ನಷ್ಟು ಎಡಕ್ಕೆ. ಮೂಗು ಕುಂಕುಮದ ಬಣ್ಣಕ್ಕೆ ಬಂತು.

ಆಗಲೇ ಬೀಗರು ಬಂದರು.

ಗಂಡಿನ ತಾಯಿ ಅಕ್ಕನ ಮುಖ ನೋಡಿ, ಕೈಯಲ್ಲಿದ್ದ ಹೂವು ಹಣ್ಣಿನ ತಟ್ಟೆಯನ್ನು ಕೆಳಗಿಡಲೇ ಇಲ್ಲ.

"ಹುಡುಗಿ ಅತ್ತಾಳ. ಮನಸ್ಸಿಲ್ದ ಒಪ್ಪಿಸೀರೇನ್ರಿ? ಹಂಗಿದ್ರ ಬ್ಯಾಡ್ರಿ, ನಾವು ಹೊಂಟೇವಿ."

ಅವ್ವ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಕೊನೆಗೆ ಅಕ್ಕನೇ ಮಾತಾಡಿದಳು.

"ನಂಗ ಮನಸ್ಸದರಿ ಅತ್ತಿ. ಅತ್ತಿದ್ದಲ್ರಿ ಇದು. ನಮ್ ತಮ್ಮ ರಿಪೇರಿ ಮಾಡ್ಯಾನ."

ಗಂಡಿನ ತಾಯಿ ನನ್ನ ಕೈಯಲ್ಲಿದ್ದ ಪಕ್ಕಡನ್ನು ಒಮ್ಮೆ ನೋಡಿದರು. ತಟ್ಟೆ ಕೆಳಗಿಟ್ಟರು. ಅಕ್ಕನನ್ನು ಎದುರು ಕೂರಿಸಿ, ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಎರಡು ಉಗುರಿನಿಂದ ತಿರುಪನ್ನು ಹಿಡಿದು ಬಲಕ್ಕೆ ತಿರುಗಿಸಿದರು. ಮೂಗುತಿ ಅಂಗೈಗೆ ಬಂತು.

"ತಿರುಪು ಒಳಗದ, ನೀ ಹೊರಗ ನಿಂತು ನೋಡಾಕತ್ತಿ. ನಿನ್ನ ಎಡ ಅದಕ್ಕ ಬಲ ಆಗ್ತದ. ಇಷ್ಟೊತ್ತು ಬಿಗೀನೇ ಮಾಡೀದಿ ನಮ್ಮಪ್ಪಾ."

ನಾನು ಬೆರಗಾಗಿ ಆ ಉಗುರುಗಳನ್ನೇ ನೋಡುತ್ತ ನಿಂತೆ. ಅಂಥ ನಯವಾದ ಹಿಡಿತವನ್ನು ಯಾವ ಕಂಪನಿಯೂ ಮಾಡಿರಲಾರದು.

ಹೊಸ ಮೂಗುತಿ ಕೆಂಪು ಮೂಗಿನ ಮೇಲೆ ಇನ್ನಷ್ಟು ಹೊಳೆಯಿತು. ಹೊರಡುವಾಗ ಗಂಡು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ತಮ್ಮಾ, ಎಲ್ಲಾರೂ ಲಗ್ನಕ್ಕ ಏನರ ತರ್ತಾರ. ನೀ ಮಾತ್ರ ಬರಿಗೈಲೆ ಬಾ."

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಉಪಕಾರಕ್ಕೆಂದು ಪಕ್ಕಡ್ ಎತ್ತಿರಲೇಬೇಕು. ಏನು ಬಿಗಿಯಾಯಿತು, ಏನು ಮುರಿಯಿತು, ದಯವಿಟ್ಟು ಬರೆದು ತಿಳಿಸಿ. ಈ ಪಂಕ್ತಿಯಲ್ಲಿ ನನ್ನೊಬ್ಬನನ್ನೇ ಕೂರಿಸಬೇಡಿ.